ವಿಶ್ರಾಂತಿಯೂ ಒಂದು ಅಂಕವೇ?

2024ರ ಡಿಸೆಂಬರ್ ಕೊನೆಯ ವಾರ, ಪುಣೆಯ ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕುಲದಲ್ಲಿ ಪ್ರೊ ಕಬಡ್ಡಿ ಲೀಗಿನ ಹನ್ನೊಂದನೆಯ ಆವೃತ್ತಿಯ ಕೊನೆಯ ಪಂದ್ಯಗಳು ನಡೆದವು. ಪುಣೆಯಲ್ಲಿ ನೆಲೆಸಿದ ಕನ್ನಡಿಗನಾದ ನನಗೆ ಕಬಡ್ಡಿಯಲ್ಲಿ ಎರಡು ತಂಡಗಳ ಮೇಲೆ ಮಮತೆ. ಒಂದು, ತವರಿನ ಬೆಂಗಳೂರು ಬುಲ್ಸ್; ಇನ್ನೊಂದು, ಅನ್ನ ಕೊಟ್ಟ ಊರಿನ ಪುಣೇರಿ ಪಲ್ಟನ್. ಆ ವರ್ಷ ಎರಡೂ ಕೈಕೊಟ್ಟಿದ್ದವು. ಬುಲ್ಸ್ ಅಂಕಪಟ್ಟಿಯ ತಳದಲ್ಲಿತ್ತು. ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಪಲ್ಟನ್ ಮೊದಲ ಆರರೊಳಗೆ ಬರಲಿಲ್ಲ. ಹೀಗಾಗಿ ಬಹಳ ವರ್ಷಗಳ ನಂತರ, ಯಾರ ಪಕ್ಷವನ್ನೂ ವಹಿಸದೆ ಆಟ ನೋಡುವ ಯೋಗ ಒದಗಿತು. ಪಕ್ಷವಿಲ್ಲದವನ ಕಣ್ಣಿಗೆ ಆಟಗಾರರಿಗಿಂತ ಮೊದಲು ವೇಳಾಪಟ್ಟಿ ಬಿದ್ದಿತು.

ಆ ವೇಳಾಪಟ್ಟಿ ಹೀಗಿತ್ತು. ಹನ್ನೆರಡು ತಂಡಗಳು ತಲಾ 22 ಲೀಗ್ ಪಂದ್ಯಗಳನ್ನು ಆಡಿದ ಮೇಲೆ ಮೊದಲ ಎರಡು ಸ್ಥಾನ ಪಡೆದ ಹರಿಯಾಣ ಸ್ಟೀಲರ್ಸ್ ಮತ್ತು ದಬಂಗ್ ದೆಹಲಿ ನೇರವಾಗಿ ಸೆಮಿಫೈನಲ್ ಪ್ರವೇಶಿಸಿದವು. ಮೂರರಿಂದ ಆರನೆಯ ಸ್ಥಾನದವರೆಗಿನ ನಾಲ್ಕು ತಂಡಗಳು ಡಿಸೆಂಬರ್ 26ರಂದು ಎಲಿಮಿನೇಟರ್ ಆಡಿದವು. ಅದರಲ್ಲಿ ಗೆದ್ದ ಯು.ಪಿ. ಯೋಧಾಸ್ ಮತ್ತು ಪಟ್ನಾ ಪೈರೇಟ್ಸ್ ಮರುದಿನವೇ, 27ರಂದು, ಸೆಮಿಫೈನಲ್‌ಗೆ ಇಳಿಯಬೇಕಾಯಿತು. ಒಂದು ಕಡೆ ದಿನಗಟ್ಟಲೆ ಮೈ ಸಡಿಲಿಸಿಕೊಂಡು ಬಂದ ಏಳು ಜನ. ಇನ್ನೊಂದು ಕಡೆ ಹಿಂದಿನ ರಾತ್ರಿಯಷ್ಟೇ 40 ನಿಮಿಷ ಹಿಡಿತ, ಎಳೆತ, ಬೀಳುಗಳನ್ನು ಅನುಭವಿಸಿ ಬಂದ ಏಳು ಜನ. ಹರಿಯಾಣ ಯು.ಪಿ.ಯನ್ನು 28–25ರಿಂದ ಸೋಲಿಸಿತು. ಪಟ್ನಾ ಮಾತ್ರ ದೆಹಲಿಯನ್ನು 32–28ರಿಂದ ಮಣಿಸಿ 29ರ ಫೈನಲ್‌ಗೆ ಹೋಯಿತು. ಅಲ್ಲಿ ಹರಿಯಾಣದ ಎದುರು 23–32ರಿಂದ ಸೋತಿತು.

ಯು.ಪಿ. ತಂಡ ಸೋತದ್ದು ಮೂರೇ ಮೂರು ಅಂಕಗಳಿಂದ. ನಡುವೆ ಒಂದು ದಿನದ ಬಿಡುವು ಸಿಕ್ಕಿದ್ದರೆ ಆ ಮೂರು ಅಂಕ ಎಲ್ಲಿರುತ್ತಿದ್ದವು? ಇದಕ್ಕೆ ಯಾರೂ ಉತ್ತರ ಹೇಳಲಾರರು. ಉತ್ತರ ಹೇಳಲಾಗದಂತೆ ಮಾಡಿದ್ದೇ ಆ ವೇಳಾಪಟ್ಟಿಯ ದೋಷ ಎಂಬುದು ಈ ಲೇಖನದ ವಾದ.

ಮೊದಲು ಎದುರು ಪಕ್ಷದ ಮಾತನ್ನು ಪೂರ್ತಿಯಾಗಿ ಕೇಳೋಣ, ಅದರಲ್ಲಿ ಹುರುಳಿದೆ. ಎರಡೂವರೆ ತಿಂಗಳು ಬೆವರು ಸುರಿಸಿ ಅಗ್ರಸ್ಥಾನ ಗಳಿಸಿದವರಿಗೂ, ಕೊನೆಯ ವಾರ ಹೇಗೋ ತೂರಿಕೊಂಡು ಆರನೆಯವರಾದವರಿಗೂ ಒಂದೇ ಎಲೆ ಹಾಕಿದರೆ ಲೀಗ್ ಪಂದ್ಯಗಳಿಗೆ ಅರ್ಥವೇ ಉಳಿಯುವುದಿಲ್ಲ. ದುಡಿಮೆಗೆ ಫಲ ಇರಬೇಕು. 2023–24ರ ಹತ್ತನೆಯ ಆವೃತ್ತಿಯಲ್ಲಿ ಪುಣೇರಿ ಪಲ್ಟನ್ 96 ಅಂಕಗಳೊಡನೆ ಅಗ್ರಸ್ಥಾನದಲ್ಲಿತ್ತು. ನೇರವಾಗಿ ಸೆಮಿಫೈನಲ್‌ಗೆ ಹೋಗಿ ಪಟ್ನಾವನ್ನು 37–21ರಿಂದ ಸೋಲಿಸಿತು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28–25ರಿಂದ ಗೆದ್ದು ಮೊದಲ ಬಾರಿ ಪ್ರಶಸ್ತಿ ಪಡೆಯಿತು. ಆ ತಂಡದ ತರಬೇತುದಾರರು ನಮ್ಮ ನಾಡಿನ ಬಿ. ಸಿ. ರಮೇಶ್. ಅಂದು ನಮ್ಮ ಬಡಾವಣೆಯ ಕನ್ನಡ ಮನೆಗಳಲ್ಲಿ ಪೇಢಾ ಹಂಚಿದಾಗ, ಪಲ್ಟನ್ನಿಗೆ ಸಿಕ್ಕ ಬಿಡುವು ಅನ್ಯಾಯವೆಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಬಿಡುವು ಅವರ ಸ್ವಯಾರ್ಜಿತವಾಗಿತ್ತು.

ಆದರೆ ನೇರ ಪ್ರವೇಶ ಎಂಬ ಬಹುಮಾನದ ಪೊಟ್ಟಣದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಗೆಲ್ಲಬೇಕಾದ ಪಂದ್ಯ ಒಂದು ಕಡಿಮೆ. ಎರಡು, ದೇಹಕ್ಕೆ ಸಿಗುವ ವಿಶ್ರಾಂತಿ. ಮೊದಲನೆಯದರ ಬೆಲೆಯನ್ನು ಲೆಕ್ಕ ಹಾಕಬಹುದು. ಆರೂ ತಂಡಗಳು ಸಮಬಲದವೆಂದೇ ಇಟ್ಟುಕೊಳ್ಳಿ. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ. ನೇರವಾಗಿ ಬಂದವರು ಎರಡು ಪಂದ್ಯ ಗೆದ್ದರೆ ಸಾಕು. ಪ್ರಶಸ್ತಿಯ ಸಾಧ್ಯತೆ ನಾಲ್ಕರಲ್ಲಿ ಒಂದು. ಎಲಿಮಿನೇಟರ್ ಮೂಲಕ ಬಂದವರು ಮೂರು ಗೆಲ್ಲಬೇಕು. ಅವರ ಸಾಧ್ಯತೆ ಎಂಟರಲ್ಲಿ ಒಂದು. ವಿಶ್ರಾಂತಿಯ ಮಾತೇ ಎತ್ತುವ ಮುನ್ನ ಅಗ್ರ ತಂಡದ ಅವಕಾಶ ಇಮ್ಮಡಿಯಾಗಿದೆ. ಲೀಗಿನ ದುಡಿಮೆಗೆ ಇದು ಕೈತುಂಬ ಸಂಬಳ. ಇದರ ಮೇಲೆ ಎದುರಾಳಿಯ ದಣಿವನ್ನೂ ಕೊಡುಗೆಯಾಗಿ ಕೊಡಬೇಕೇ ಎಂಬುದಷ್ಟೇ ಪ್ರಶ್ನೆ.

ಪ್ರೊ ಕಬಡ್ಡಿಯಲ್ಲಿ ಈ ವಿಧಾನ ಏಳನೆಯ ಆವೃತ್ತಿಯಿಂದ ಹನ್ನೊಂದನೆಯದರವರೆಗೆ ಐದು ವರ್ಷ ನಡೆಯಿತು. ಐದು ಸಲವೂ ಪ್ರಶಸ್ತಿ ಗೆದ್ದದ್ದು ನೇರವಾಗಿ ಸೆಮಿಫೈನಲ್‌ಗೆ ಬಂದ ತಂಡವೇ. ಹತ್ತು ಸೆಮಿಫೈನಲ್‌ಗಳಲ್ಲಿ ಎಂಟನ್ನು ಬಿಡುವು ಪಡೆದವರೇ ಗೆದ್ದರು. ಇದಕ್ಕೆ ಅವರು ಮೇಲಾದ ತಂಡಗಳಾಗಿದ್ದುದೇ ಕಾರಣವೋ, ವಿಶ್ರಾಂತಿ ಕಾರಣವೋ? ಎರಡನ್ನೂ ಒಂದೇ ಪಾತ್ರೆಯಲ್ಲಿ ಕದಡಿದ ಮೇಲೆ ಬೇರ್ಪಡಿಸುವುದು ಅಸಾಧ್ಯ. ಪಂದ್ಯಾವಳಿ ನಡೆಸುವುದು ಯಾರು ಮೇಲು ಎಂದು ತಿಳಿಯಲಿಕ್ಕೆ. ಉತ್ತರವನ್ನು ಕದಡುವ ವ್ಯವಸ್ಥೆ ಸೋತವನಿಗಷ್ಟೇ ಅಲ್ಲ, ಗೆದ್ದವನಿಗೂ ಅನ್ಯಾಯ ಮಾಡುತ್ತದೆ.

ಇಲ್ಲಿ ನಾವು ನಮ್ಮ ಪಕ್ಷಪಾತವನ್ನೂ ಒಪ್ಪಿಕೊಳ್ಳಬೇಕು. ಬೆಂಗಳೂರು ಬುಲ್ಸ್ 2019, 2022ರ ಫೆಬ್ರುವರಿ ಮತ್ತು 2022ರ ಡಿಸೆಂಬರ್ — ಹೀಗೆ ಸತತ ಮೂರು ಆವೃತ್ತಿಗಳಲ್ಲಿ ಎಲಿಮಿನೇಟರ್ ಗೆದ್ದು ಬಂದು ಸೆಮಿಫೈನಲ್‌ನಲ್ಲಿ ಸೋತಿತು. ಎರಡು ಸಲ ದೆಹಲಿಗೆ, ಒಂದು ಸಲ ಜೈಪುರಕ್ಕೆ. 2019ರಲ್ಲಂತೂ ಯು.ಪಿ. ವಿರುದ್ಧದ ಎಲಿಮಿನೇಟರ್ ಹೆಚ್ಚುವರಿ ಅವಧಿಗೆ ಬೆಳೆದು 48–45ರಲ್ಲಿ ಮುಗಿದಿತ್ತು. ಆಗೆಲ್ಲ ನಾವು ‘ಹುಡುಗರು ದಣಿದಿದ್ದರು’ ಎಂದು ಸಮಾಧಾನ ಹೇಳಿಕೊಂಡೆವು. 2025ರ ಜೂನ್ 3ರ ರಾತ್ರಿ ನಮ್ಮ ನಾಲಿಗೆ ಹೊರಳಿತು. ಅಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಹದಿನೆಂಟು ವರ್ಷಗಳ ಕಾಯುವಿಕೆಯ ನಂತರ ಐಪಿಎಲ್ ಗೆದ್ದಿತು. ಮೇ 29ರಂದು ಪಂಜಾಬನ್ನು 101 ರನ್ನಿಗೆ ಉರುಳಿಸಿ ಹತ್ತೇ ಓವರುಗಳಲ್ಲಿ ಪಂದ್ಯ ಮುಗಿಸಿದ್ದ ನಮ್ಮವರಿಗೆ ಫೈನಲ್‌ಗೆ ಮುನ್ನ ನಾಲ್ಕು ದಿನಗಳ ಬಿಡುವಿತ್ತು. ಪಂಜಾಬ್ ಮಾತ್ರ ಜೂನ್ 1ರಂದು ಮತ್ತೆ ಮುಂಬೈ ವಿರುದ್ಧ ಆಡಬೇಕಾಯಿತು. ಮಳೆಯಿಂದ ತಡವಾದ ಆ ಪಂದ್ಯ ಮುಗಿದಾಗ ನಡುರಾತ್ರಿ ದಾಟಿತ್ತು. ಒಂದೇ ದಿನ ಬಿಟ್ಟು ಫೈನಲ್. ನಾವು ಗೆದ್ದದ್ದು ಆರು ರನ್ನುಗಳಿಂದ. ಆ ಆರು ರನ್ನುಗಳಲ್ಲಿ ನಿದ್ದೆಯ ಪಾಲೆಷ್ಟು ಎಂದು ಅಂದು ನಾವ್ಯಾರೂ ಕೇಳಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ.

ಐಪಿಎಲ್ 2011ರಿಂದ ಅನುಸರಿಸುತ್ತಿರುವ ಪ್ಲೇಆಫ್ ಕ್ರಮದಲ್ಲಿ ಮೊದಲ ಎರಡು ತಂಡಗಳಿಗೆ ಸೋತರೂ ಇನ್ನೊಂದು ಅವಕಾಶವಿದೆ. ಮತ್ತೆ ನಾಣ್ಯ ಚಿಮ್ಮಿ ನೋಡಿದರೆ, ಮೊದಲ ಇಬ್ಬರಲ್ಲಿ ಒಬ್ಬೊಬ್ಬರ ಸಾಧ್ಯತೆ ಎಂಟರಲ್ಲಿ ಮೂರು; ಮೂರನೆಯ, ನಾಲ್ಕನೆಯ ಸ್ಥಾನದವರದು ಎಂಟರಲ್ಲಿ ಒಂದು. ಬಹುಮಾನ ಮುಮ್ಮಡಿ. 2025ರವರೆಗಿನ ಹದಿನೈದು ವರ್ಷಗಳಲ್ಲಿ ಎಲಿಮಿನೇಟರ್ ಆಡಿ ಪ್ರಶಸ್ತಿ ಗೆದ್ದ ತಂಡ ಒಂದೇ — 2016ರ ಸನ್‌ರೈಸರ್ಸ್ ಹೈದರಾಬಾದ್. ಅದು ಯಾರನ್ನು ಸೋಲಿಸಿತು ಎಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಮೇ 24ರಂದು ಗುಜರಾತ್ ಲಯನ್ಸ್ ಎದುರು ಗೆದ್ದು ಬೆಂಗಳೂರಿನಲ್ಲೇ ಕಾದಿದ್ದ ನಮ್ಮವರ ಎದುರು, 25 ಮತ್ತು 27ರಂದು ಎರಡು ಪಂದ್ಯಗಳನ್ನಾಡಿ ಬಂದ ಹೈದರಾಬಾದ್ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಎಂಟು ರನ್ನುಗಳಿಂದ ಗೆದ್ದಿತು.

ಈ ಉದಾಹರಣೆಯನ್ನು ಹಿಡಿದು ಕೆಲವರು ಇನ್ನೊಂದು ವಾದ ಹೂಡುತ್ತಾರೆ: ವಿಶ್ರಾಂತಿ ಲಾಭವೇ ಅಲ್ಲ, ಕುಳಿತ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಆಡುತ್ತಿರುವವನ ಮೈ ಬಿಸಿಯಾಗಿರುತ್ತದೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಇದಕ್ಕೆ ಪ್ರಸಿದ್ಧ ಸಾಕ್ಷಿ ಒದಗಿಸುತ್ತದೆ. ಅಲ್ಲಿನ ಬಿಗ್ ಈಸ್ಟ್ ಪಂದ್ಯಾವಳಿಯಲ್ಲಿ ಹದಿನಾರು ತಂಡಗಳಿದ್ದಾಗ ಮೊದಲ ನಾಲ್ಕು ಶ್ರೇಯಾಂಕದವರು ಎರಡು ಸುತ್ತುಗಳನ್ನು ಬಿಟ್ಟು ನೇರವಾಗಿ ಕ್ವಾರ್ಟರ್‌ಫೈನಲ್‌ಗೆ ಬರುತ್ತಿದ್ದರು. 2011ರ ಮಾರ್ಚ್‌ನಲ್ಲಿ ಒಂಬತ್ತನೆಯ ಶ್ರೇಯಾಂಕದ ಕನೆಟಿಕಟ್ ವಿಶ್ವವಿದ್ಯಾಲಯದ ತಂಡ ಐದು ದಿನಗಳಲ್ಲಿ ಐದು ಪಂದ್ಯ ಆಡಿ ಐದನ್ನೂ ಗೆದ್ದಿತು. ಮುಂದಿನ ತಿಂಗಳು ರಾಷ್ಟ್ರೀಯ ಪ್ರಶಸ್ತಿಯನ್ನೂ ಗಳಿಸಿತು. ಕೆಂಬಾ ವಾಕರ್ ಎಂಬ ಆಟಗಾರನ ಹೆಸರು ಇಂದಿಗೂ ಆ ಐದು ದಿನಗಳೊಡನೆ ಅಂಟಿಕೊಂಡಿದೆ.

ಈ ಕಥೆ ರೋಮಾಂಚಕ. ಆದರೆ ಅದು ಯಾಕೆ ಇಷ್ಟು ವರ್ಷ ನೆನಪಿನಲ್ಲಿ ಉಳಿದಿದೆ ಎಂದು ಯೋಚಿಸಬೇಕು. ಹಾಗೆ ಆಗುವುದು ಅತಿ ಅಪರೂಪವಾದ್ದರಿಂದಲೇ. ಮುಳುಗುವ ದೋಣಿಯಿಂದ ಒಬ್ಬ ಈಜಿ ದಡ ಸೇರಿದನೆಂದು ದೋಣಿಯ ತೂತನ್ನು ಸಮರ್ಥಿಸಲಾಗದು. ವಿಶ್ರಾಂತಿ ನಿಜಕ್ಕೂ ಕೆಡುಕೇ ಆಗಿದ್ದರೆ ಅಗ್ರಸ್ಥಾನದವರಿಗೆ ಅದನ್ನು ಬಹುಮಾನವೆಂದು ಕೊಡುವುದು ಇನ್ನೂ ವಿಚಿತ್ರವಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸಂಬಳ ಪಡೆದು ಆಡುವವರ ವಿಷಯ. ಅವರಿಗೆ ವೈದ್ಯರಿದ್ದಾರೆ, ಮಾಲೀಸು ಮಾಡುವವರಿದ್ದಾರೆ, ಬದಲಿ ಆಟಗಾರರಿದ್ದಾರೆ. ನನ್ನನ್ನು ಈ ಬರಹಕ್ಕೆ ಹಚ್ಚಿದ್ದು ಬೇರೆಯೇ ಸಂಗತಿ.

ನನ್ನ ಮಗಳು ಪುಣೆಯ ಒಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಕಳೆದ ವರ್ಷ ನಗರದ ಅಂತರಕಾಲೇಜು ಪಂದ್ಯಾವಳಿಯೊಂದಕ್ಕೆ ಹನ್ನೊಂದು ತಂಡಗಳು ಬಂದಿದ್ದವು. ನಾಕೌಟ್ ಪಂದ್ಯಾವಳಿಗೆ ಹದಿನಾರರ ಕೋಷ್ಟಕ ಬೇಕು. ಐದು ಕಡಿಮೆ ಇರುವುದರಿಂದ ಐದು ತಂಡಗಳಿಗೆ ಮೊದಲ ಸುತ್ತಿನಲ್ಲಿ ಬೈ ಕೊಡುವುದು ಅನಿವಾರ್ಯ. ಇದು ಗಣಿತ, ಯಾರನ್ನೂ ದೂರುವಂತಿಲ್ಲ. ಬೈಗಳನ್ನು ಹಿಂದಿನ ವರ್ಷದ ಫಲಿತಾಂಶದ ಮೇಲೆ ಕೊಟ್ಟರು. ನಮ್ಮ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಮೊದಲ ಸುತ್ತು ಆಡಿ ಗೆದ್ದರು. ಸಂಜೆ ಕ್ವಾರ್ಟರ್‌ಫೈನಲ್ ಗೆದ್ದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಗ್ರ ಶ್ರೇಯಾಂಕದ ತಂಡದೊಡನೆ ಸೆಮಿಫೈನಲ್‌ಗೆ ನಿಂತರು. ಇಪ್ಪತ್ತೈದು ಗಂಟೆಗಳೊಳಗೆ ಮೂರನೆಯ ಪಂದ್ಯ. ಮೂರು ಕ್ವಾರ್ಟರ್ ಮುಗಿದಾಗ ಸಮಸಮ. ನಾಲ್ಕನೆಯದರಲ್ಲಿ ಕಾಲುಗಳು ಏಳಲಿಲ್ಲ. ಇಬ್ಬರಿಗೆ ಮೀನಖಂಡ ಹಿಡಿಯಿತು; ಒಬ್ಬಳು ಇಳಿಯುವಾಗ ಮೊಣಕಾಲು ತಿರುಚಿಕೊಂಡಳು. ನಾಲ್ಕು ಅಂಕಗಳಿಂದ ಸೋತರು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಮಗಳು ಸೋಲಿನ ಮಾತು ಆಡಲಿಲ್ಲ. “ಅಪ್ಪಾ, ಅವರಿಗೆ ಮೊದಲ ಶ್ರೇಯಾಂಕ ಹೇಗೆ ಬಂತು?” ಎಂದು ಕೇಳಿದಳು. ಹೋದ ವರ್ಷ ಗೆದ್ದಿದ್ದರಲ್ಲ ಎಂದೆ. “ಹೋದ ವರ್ಷ ಗೆದ್ದವರಲ್ಲಿ ನಾಲ್ವರು ಕಾಲೇಜು ಮುಗಿಸಿ ಹೋಗಿದ್ದಾರೆ. ಇವರು ಬೇರೆಯವರು,” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಆಸ್ತಿಯ ವಿಷಯದಲ್ಲಿ ನಮ್ಮ ಹಿರಿಯರು ಸ್ವಯಾರ್ಜಿತ, ಪಿತ್ರಾರ್ಜಿತ ಎಂದು ಭೇದ ಮಾಡುತ್ತಿದ್ದರು. ಪಲ್ಟನ್ 22 ಪಂದ್ಯ ಆಡಿ ಪಡೆದ ಬಿಡುವು ಸ್ವಯಾರ್ಜಿತ. ಕಾಲೇಜು ತಂಡಗಳಲ್ಲಿ ಮೂರು ವರ್ಷಕ್ಕೊಮ್ಮೆ ಇಡೀ ಬಳಗವೇ ಬದಲಾಗುತ್ತದೆ. ಅಲ್ಲಿ ಹಿಂದಿನ ವರ್ಷದ ಶ್ರೇಯಾಂಕ ಅಕ್ಕಂದಿರು ಬಿಟ್ಟುಹೋದ ಪಿತ್ರಾರ್ಜಿತ. ಶ್ರೇಯಾಂಕ ಪದ್ಧತಿಯ ಮೂಲ ಉದ್ದೇಶ, ಬಲಿಷ್ಠರು ಮೊದಲ ಸುತ್ತಿನಲ್ಲೇ ಪರಸ್ಪರ ಎದುರಾಗಿ ಮುಗಿದುಹೋಗಬಾರದು ಎಂಬುದು. ಆ ಉದ್ದೇಶಕ್ಕೆ ಅವರನ್ನು ಕೋಷ್ಟಕದ ಬೇರೆ ಬೇರೆ ತುದಿಗಳಲ್ಲಿ ಇಟ್ಟರೆ ಸಾಕು. ಅವರಿಗೆ ಹೆಚ್ಚು ನಿದ್ದೆ ಕೊಡುವುದು ಅದರ ಭಾಗವಲ್ಲ.

ಪಿತ್ರಾರ್ಜಿತ ಬಿಡುವಿನ ಪರಾಕಾಷ್ಠೆಯನ್ನು ಟೆನಿಸ್ ಇತಿಹಾಸದಲ್ಲಿ ನೋಡಬಹುದು. ವಿಂಬಲ್ಡನ್‌ನಲ್ಲಿ ಒಂದು ಕಾಲದಲ್ಲಿ ಹಾಲಿ ಚಾಂಪಿಯನ್ ಯಾವ ಸುತ್ತನ್ನೂ ಆಡುತ್ತಿರಲಿಲ್ಲ. ಉಳಿದವರೆಲ್ಲ ಕಾದಾಡಿ ಉಳಿದ ಒಬ್ಬ, ಕೊನೆಯ ದಿನ ಅವನನ್ನು ಎದುರಿಸಬೇಕಿತ್ತು. 1922ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಡೇವಿಸ್ ಕಪ್‌ನಲ್ಲಿ ಅದು 1971ರವರೆಗೂ ಉಳಿಯಿತು, ಮತ್ತು ಅದರ ಬಿಸಿ ಭಾರತಕ್ಕೂ ತಟ್ಟಿತು. 1966ರಲ್ಲಿ ರಾಮನಾಥನ್ ಕೃಷ್ಣನ್ ಮುಂದಾಳುತನದ ನಮ್ಮ ತಂಡ ಸುತ್ತಿನ ಮೇಲೆ ಸುತ್ತು ಗೆದ್ದು, ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಬ್ರೆಜಿಲನ್ನು ಕೊನೆಯ ಪಂದ್ಯದಲ್ಲಿ ಸೋಲಿಸಿ ಮೊದಲ ಬಾರಿ ಚಾಲೆಂಜ್ ರೌಂಡ್ ತಲುಪಿತು. ಆಸ್ಟ್ರೇಲಿಯಾ ಆ ವರ್ಷ ಒಂದು ಪಂದ್ಯವನ್ನೂ ಆಡದೆ, ತನ್ನದೇ ನೆಲದಲ್ಲಿ, ಮೆಲ್ಬರ್ನ್‌ನಲ್ಲಿ ಕಾದು ಕುಳಿತಿತ್ತು. ನಾವು 1–4ರಿಂದ ಸೋತೆವು. ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಡಬಲ್ಸ್‌ನಲ್ಲಿ ನ್ಯೂಕೂಂಬ್–ರೋಚ್ ಜೋಡಿಯನ್ನು ಮಣಿಸಿದ್ದೇ ನಮ್ಮ ಒಂದು ಗೆಲುವು. ಆಸ್ಟ್ರೇಲಿಯಾ ಬಲಿಷ್ಠವಾಗಿತ್ತು, ಎಲ್ಲ ಸುತ್ತು ಆಡಿದ್ದರೂ ಬಹುಶಃ ಗೆಲ್ಲುತ್ತಿತ್ತು. ಆ ‘ಬಹುಶಃ’ವನ್ನು ಅಳಿಸಿಹಾಕಲೆಂದೇ 1972ರಲ್ಲಿ ಚಾಂಪಿಯನ್ ದೇಶವೂ ಮೊದಲಿನಿಂದ ಆಡಬೇಕೆಂಬ ನಿಯಮ ಬಂದಿತೆಂದು ನಾನು ತಿಳಿಯುತ್ತೇನೆ.

ವಿಶ್ವ ಚದುರಂಗದಲ್ಲಿ ಇಂದಿಗೂ ಹಾಲಿ ಚಾಂಪಿಯನ್ ಕಾದು ಕುಳಿತಿರುತ್ತಾನೆ, ಅದನ್ನೇಕೆ ಆಕ್ಷೇಪಿಸುವುದಿಲ್ಲ ಎಂದು ಕೇಳಬಹುದು. ಅಲ್ಲಿ ಸವಾಲು ಹಾಕುವವನಿಗೂ ತಿಂಗಳುಗಟ್ಟಲೆ ಸಮಯವಿರುತ್ತದೆ. ಇಬ್ಬರೂ ಹಸನಾಗಿ ಮೇಜಿಗೆ ಬರುತ್ತಾರೆ. ನನ್ನ ತಕರಾರು ಮುಂದೆ ಹೋದವನು ಕಾಯುವುದರ ಮೇಲಲ್ಲ, ಹಿಂದಿನಿಂದ ಬಂದವನಿಗೆ ಉಸಿರಾಡಲೂ ಸಮಯ ಕೊಡದಿರುವುದರ ಮೇಲೆ.

ಹೊರನಾಡಿಗರಾದ ನಮ್ಮಲ್ಲಿ ಬಹುಮಂದಿಗೆ ಈ ತಕರಾರು ಆಟದ ಹೊರಗೂ ಅರ್ಥವಾಗುತ್ತದೆ. ನಾನು ಮೊದಲ ಸಲ ಪುಣೆಗೆ ಬಂದದ್ದು ಒಂದು ಸಂದರ್ಶನಕ್ಕೆ. ವಿಜಯಪುರದಿಂದ ಸೊಲ್ಲಾಪುರದ ಮೇಲೆ ರಾತ್ರಿಯ ಕೆಂಪು ಬಸ್ಸು. ಕೊನೆಯ ಸಾಲಿನ ಸೀಟು. ಸ್ವಾರಗೇಟಿನಲ್ಲಿ ಇಳಿದು ನಿಲ್ದಾಣದ ನಲ್ಲಿಯಲ್ಲೇ ಮುಖ ತೊಳೆದು, ಅಂಗಿ ಬದಲಿಸಿ ಹತ್ತು ಗಂಟೆಗೆ ಕುರ್ಚಿಯ ಮೇಲೆ ಕುಳಿತಿದ್ದೆ. ಪಕ್ಕದಲ್ಲಿದ್ದವನು ಸದಾಶಿವ ಪೇಠೆಯವನು. ಮನೆಯಲ್ಲಿ ಪೋಹೆ ತಿಂದು ಸೈಕಲ್ಲಿನಲ್ಲಿ ಬಂದಿದ್ದ. ಕೆಲಸ ಅವನಿಗೆ ಆಯಿತು. ಅವನು ನನಗಿಂತ ಜಾಣನೂ ಆಗಿದ್ದಿರಬಹುದು. ಬಸ್ಸಿನಿಂದಾಗಿ ಕೆಲಸ ತಪ್ಪಿತೆಂದು ಹೇಳಲಾರೆ, ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಹೇಳಲಾರೆ. ಮೂವತ್ತು ವರ್ಷಗಳಾದ ಮೇಲೂ ಆ ಅನುಮಾನ ಹೋಗಿಲ್ಲ. ಆ ಊರಿನ ವ್ಯವಸ್ಥೆಯನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ದೂರ ಎಂಬುದು ಭೂಗೋಳದ ತಪ್ಪು. ಪಂದ್ಯಾವಳಿಯ ವೇಳಾಪಟ್ಟಿ ಹಾಗಲ್ಲ. ಅದನ್ನು ಮನುಷ್ಯರು ಮೇಜಿನ ಸುತ್ತ ಕುಳಿತು ಬರೆಯುತ್ತಾರೆ. ಬೇರೆ ರೀತಿಯಲ್ಲಿಯೂ ಬರೆಯಬಹುದು.

ಹೇಗೆ ಬರೆಯಬಹುದು? ಮೂರು ಮಾತು ಸೂಚಿಸುತ್ತೇನೆ. ಮೊದಲನೆಯದು, ಅಗ್ರಸ್ಥಾನಕ್ಕೆ ಕೊಡುವ ಬಹುಮಾನ ದಾರಿಯಲ್ಲಿರಲಿ: ಒಂದು ಪಂದ್ಯ ಕಡಿಮೆ, ಅಥವಾ ಸೋತರೆ ಇನ್ನೊಂದು ಅವಕಾಶ. ಪ್ರೊ ಕಬಡ್ಡಿಯೇ 2025ರಲ್ಲಿ ಎರಡನೆಯ ದಾರಿ ಹಿಡಿಯಿತು. ಅಗ್ರಸ್ಥಾನದ ಪಲ್ಟನ್ ಮೊದಲ ಕ್ವಾಲಿಫೈಯರ್‌ನಲ್ಲಿ ದೆಹಲಿಗೆ ಸೋತರೂ ಮತ್ತೆ ಎದ್ದು ಫೈನಲ್ ತಲುಪಿ, ಅಲ್ಲಿ ಅದೇ ದೆಹಲಿಗೆ 28–31ರಿಂದ ಸೋತಿತು. ಸೋಲು ನೋವು ತಂದಿತು, ಆದರೆ ಅದರಲ್ಲಿ ಅನುಮಾನವಿರಲಿಲ್ಲ. ಎರಡನೆಯದು, ಶ್ರೇಯಾಂಕ ಈ ಋತುವಿನ ಆಟದಿಂದ ಬಂದಿರಲಿ. ಹಾಗೆ ಅಳೆಯಲು ಸಾಧ್ಯವಿಲ್ಲದಿದ್ದರೆ ಬೈಗಳನ್ನು ಚೀಟಿ ಎತ್ತಿ ಹಂಚಲಿ. ಅದೃಷ್ಟಕ್ಕೆ ಸೋತವನು ಮುನಿಸಿಕೊಳ್ಳುವುದಿಲ್ಲ. ಮೂರನೆಯದು, ನಾಕೌಟ್ ಪಂದ್ಯ ಗೆದ್ದ ತಂಡಕ್ಕೆ ಮುಂದಿನ ಪಂದ್ಯಕ್ಕೆ ಮುನ್ನ ಕನಿಷ್ಠ ಒಂದು ಪೂರ್ಣ ದಿನ ಸಿಗಲಿ.

ಸಂಘಟಕರ ಕಷ್ಟ ನನಗೆ ಗೊತ್ತಿಲ್ಲದಿಲ್ಲ. ಅಂಗಣದ ಬಾಡಿಗೆ, ಹೊರಗಿನಿಂದ ಬಂದ ಮಕ್ಕಳ ವಸತಿ, ಮುಂದೆ ಕಾದಿರುವ ಪರೀಕ್ಷೆ — ಒಂದು ದಿನ ಹೆಚ್ಚಿಸಿದರೆ ಖರ್ಚು ಹೆಚ್ಚುತ್ತದೆ. ಆದರೆ ಆ ಖರ್ಚು ಉಳಿತಾಯವಾದಾಗ ಎಲ್ಲಿಗೂ ಮಾಯವಾಗುವುದಿಲ್ಲ. ಅದನ್ನು ಶ್ರೇಯಾಂಕವಿಲ್ಲದ ತಂಡದ ಮೊಣಕಾಲುಗಳು ತೆರುತ್ತವೆ. ದಿನ ಹೆಚ್ಚಿಸಲು ಆಗದಿದ್ದರೆ ಮೊದಲ ಸುತ್ತನ್ನು ಹಿಂದಿನ ಸಂಜೆಗೆ ತರಬಹುದು, ಕ್ವಾರ್ಟರುಗಳನ್ನು ಹತ್ತರ ಬದಲು ಎಂಟು ನಿಮಿಷ ಮಾಡಬಹುದು, ಸೆಮಿಫೈನಲನ್ನು ಬೆಳಗಿನಿಂದ ಸಂಜೆಗೆ ತಳ್ಳಬಹುದು. ಇವುಗಳಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಗಮನ.

ಈ ವರ್ಷದ ಪಂದ್ಯಾವಳಿಗೆ ಇನ್ನು ಎರಡು ತಿಂಗಳಿದೆ. ಕಳೆದ ವರ್ಷ ಫೈನಲ್ ತಲುಪದಿದ್ದರೂ ನನ್ನ ಮಗಳ ತಂಡ ಸೆಮಿಫೈನಲಿಸ್ಟ್ ಆದದ್ದರಿಂದ ಈ ಸಲ ಅವರಿಗೇ ಬೈ ಸಿಗುವ ಸಂಭವವಿದೆ. ಸಂಘಟಕರಿಗೆ ಈ ಮೂರು ಸೂಚನೆಗಳನ್ನು ಪತ್ರದಲ್ಲಿ ಬರೆದು ಕಳಿಸೋಣವೇ ಎಂದು ಮೊನ್ನೆ ಅವಳನ್ನು ಕೇಳಿದೆ. ಬೈ ಕಳೆದುಕೊಂಡರೂ ಪರವಾಗಿಲ್ಲವೇ ಎಂದೂ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. ನಂತರ, ತಂಡದವರನ್ನು ಕೇಳಿ ಹೇಳುತ್ತೇನೆ ಎಂದಳು. ಪತ್ರ ಬರೆದಿಟ್ಟಿದ್ದೇನೆ, ಅವರ ಉತ್ತರಕ್ಕೆ ಕಾಯುತ್ತಿದ್ದೇನೆ.